ನಾನು ತೊಳೆದ ಧೂಳು

ಇವತ್ತು ಮಾಡಿದ ಕೆಲಸಗಳು: ಐದೂವರೆಗೆ ಎದ್ದು ನೀರು ತುಂಬಿದ್ದು. ಹಾಲು ಕಾಯಿಸಿದ್ದು. ಮನೆಯವರ ಡಬ್ಬಿಗೆ ಮೂರು ಚಪಾತಿ, ಬೆಂಡೆಕಾಯಿ ಪಲ್ಯ ಕಟ್ಟಿದ್ದು. ಗಿರಣಿಗೆ ಜೋಳ ಕೊಟ್ಟು ಬಂದದ್ದು. ದೀಪಾವಳಿ ಹತ್ತಿರ ಬಂತೆಂದು ಅಟ್ಟದ ಮೇಲಿನ ಡಬ್ಬಿಗಳಲ್ಲಿ ಅರ್ಧ ಇಳಿಸಿ ಒರೆಸಿದ್ದು, ಅರ್ಧ ಹಾಗೇ ಬಿಟ್ಟದ್ದು. ಮಾವನವರಿಗೆ ಬಿ.ಪಿ. ಗುಳಿಗೆ ಕೊಟ್ಟದ್ದು. ಹತ್ತೂವರೆಗೆ ಅವರನ್ನು ರಿಕ್ಷಾದಲ್ಲಿ ನೆನಪಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು. ಹನ್ನೆರಡು ದಿನದ ಹಿಂದೆ ಹೇಳಬೇಕಾಗಿದ್ದ ಮಾತನ್ನು ಅಲ್ಲಿ, ಪರರ ಮುಂದೆ, ಹೇಳಿದ್ದು.

ಕೊನೆಯದೊಂದನ್ನು ಬಿಟ್ಟರೆ ಮಿಕ್ಕವನ್ನೆಲ್ಲ ನಾನು ಚೆನ್ನಾಗಿ ಮಾಡಬಲ್ಲೆ.

ಮಾವನವರಿಗೆ ಎಪ್ಪತ್ತಾರು. ಧಾರವಾಡದ ಕಡೆಯವರು. ಇಪ್ಪತ್ತರ ವಯಸ್ಸಿಗೆ ಪುಣೆಗೆ ಬಂದು, ಮಿಲಿಟರಿ ಗಾಡಿಗಳನ್ನು ರಿಪೇರಿ ಮಾಡುವ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್ ಆದರು. ಸಮವಸ್ತ್ರದವರಲ್ಲ, ಡಬ್ಬಿ ಕಟ್ಟಿಕೊಂಡು ಸೈಕಲ್ಲಿನ ಮೇಲೆ ಹೋಗಿಬರುವ ಸಾದಾ ನೌಕರ. ಅವರ ಕೈಗೆ ಇಡೀ ಟ್ಯಾಂಕ್ ಬರುತ್ತಿರಲಿಲ್ಲ, ಅದರ ಕಾಲು ಮಾತ್ರ ಬರುತ್ತಿತ್ತು. ಗಾಲಿಗಳನ್ನು ಬಳಸಿಕೊಂಡು ಸುತ್ತುವ ಉಕ್ಕಿನ ಸರಪಳಿ ಇರುತ್ತದಲ್ಲ, ಅದಕ್ಕೆ ಅವರು ಪಟ್ಟಾ ಎನ್ನುತ್ತಾರೆ. ಪಟ್ಟಾ ಬಿಚ್ಚುವುದು, ಸವೆದ ಕೊಂಡಿ ತೆಗೆಯುವುದು, ಹೊಸದನ್ನು ಜೋಡಿಸುವುದು, ಬಿಗಿ ನೋಡುವುದು. ಮೂವತ್ತೆಂಟು ವರ್ಷ ಅದನ್ನೇ ಮಾಡಿದರು. ಒಂದು ದಿನವೂ ಏನನ್ನೂ ಬರೆದಿಟ್ಟುಕೊಂಡವರಲ್ಲ. ಯಾವ ಗಾಡಿಗೆ ಎಷ್ಟು ಕೊಂಡಿ ಬದಲಾಯಿಸಿದೆ ಎಂಬುದು ಅವರ ತಲೆಯಲ್ಲೇ ಇರುತ್ತಿತ್ತು. ಅದರ ಬಗ್ಗೆ ಅವರಿಗೆ ಒಂದಿಷ್ಟು ಜಂಬವೂ ಇತ್ತು.

ಈ ಸಲ ಮಳೆಗಾಲ ಹಿಡಿದಾಗ ನನ್ನ ಮಗಳು ಅಜ್ಜನಿಗೆಂದು ಒಂದು ಪೆಟ್ಟಿಗೆ ತರಿಸಿಕೊಟ್ಟಳು. ಒಳಗಿನ ಬಿಡಿ ಭಾಗಗಳನ್ನು ಜೋಡಿಸಿದರೆ ಗೇಣುದ್ದದ ಟ್ಯಾಂಕ್ ಆಗುತ್ತದೆ. ಮೈಯೆಲ್ಲ ಪ್ಲಾಸ್ಟಿಕ್ಕು, ಪಟ್ಟಾಗಳು ಮಾತ್ರ ಬಿಳಿ ಲೋಹದವು. ತೊಗರಿಕಾಳಿನಷ್ಟು ಕೊಂಡಿಗಳನ್ನು ತಂತಿಯಿಂದ ಪೋಣಿಸಬೇಕು. ಮೈಯ ಬಣ್ಣವನ್ನು ಮಾವ ಎಂಟು ದಿನದಲ್ಲಿ ಮುಗಿಸಿದರು. ಪಟ್ಟಾಕ್ಕೆ ಮೂರು ತಿಂಗಳು ಹಿಡಿಯಿತು.

"ಪೆಟ್ಟಿಗಿ ಮ್ಯಾಲಿನ ಚಿತ್ರ ನೋಡು, ಪಟ್ಟಾ ಹೆಂಗ ಕರ್ರಗ ಮಾಡ್ಯಾನ," ಎಂದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಇದನ್ನ ಬರದಾಂವ ಟ್ಯಾಂಕ್ ನೋಡೇ ಇಲ್ಲ. ಅಂಗಡ್ಯಾಗಿನ ಹೊಸಾ ಚಪ್ಪಲಿ ನೋಡಿ, ಮಂದಿ ಕಾಲಾಗಿನ ಚಪ್ಪಲಿ ಬರದಾನ."

"ಮತ್ತ ಯಾವ ಬಣ್ಣ ಇರತದ್ರಿ ಮಾಮಾ?"

"ನಿನ್ನ ರೊಟ್ಟಿ ಹಂಚು ಯಾವ ಬಣ್ಣ ಅದ ಹೇಳು."

"ಕರೀದು."

"ನೋಡಿ ಹೇಳವಾ, ನೋಡಲಾರದ ಹೇಳಬ್ಯಾಡ."

ನೋಡಿದೆ. ರೊಟ್ಟಿ ಕೂರುವ ನಡುಭಾಗ ಬೂದು, ಸ್ವಲ್ಪ ಹೊಳಪು. ಅದರ ಸುತ್ತ ಕಂದು. ಅಂಚಿನಲ್ಲಿ ಕಿಟ್ಟಗಟ್ಟಿದ ಕಪ್ಪು. ಇಕ್ಕಳ ಹಿಡಿಯುವ ಕಡೆ ಉಗುರಿನಷ್ಟು ಜಾಗ ಬೆಳ್ಳಗೆ ಸವೆದಿತ್ತು. ಎಷ್ಟೋ ವರ್ಷಗಳಿಂದ ದಿನವೂ ಅದರ ಮುಂದೆ ನಿಲ್ಲುತ್ತೇನೆ. ಅದು ಕಪ್ಪಲ್ಲ ಎಂದು ನನಗೆ ಆವತ್ತೇ ಗೊತ್ತಾದದ್ದು.

ಆಮೇಲೆ ಮೂರು ತಿಂಗಳು ಅವರು ಹೇಳುತ್ತಲೇ ಇದ್ದರು, ನಾನು ಸೊಪ್ಪು ಸೋಸುತ್ತ ಕೇಳುತ್ತಲೇ ಇದ್ದೆ. ಹೊಸ ಪಟ್ಟಾ ಬರುವಾಗ ಕಪ್ಪಾಗಿಯೇ ಇರುತ್ತದಂತೆ. ಒಂದು ಮಳೆಯಲ್ಲಿ ಅಂಗಳದಲ್ಲಿ ನಿಂತರೆ ಸಾಕು, ಬೆಳಗಾಗುವಷ್ಟರಲ್ಲಿ ಕಿತ್ತಳೆ ತುಕ್ಕು. ಆದರೆ ಗಾಡಿ ಹತ್ತು ಮಾರು ಮುಂದೆ ಹೋದರೂ ನೆಲಕ್ಕೆ ತಾಗುವ ಅಡ್ಡಪಟ್ಟಿಗಳ ಮೇಲಿನ ತುಕ್ಕು ಹಾರಿಹೋಗಿ, ಅಲ್ಲಿ ಬೆಳ್ಳಿ ಹೊಳಪು ಬರುತ್ತದೆ. ಒಳಮಗ್ಗುಲಲ್ಲಿ ಗಾಲಿ ಉರುಳುವ ದಾರಿಯಲ್ಲೂ ಅಷ್ಟೇ, ಎರಡು ಹೊಳೆಯುವ ಗೆರೆ. ಯಾವುದಕ್ಕೂ ತಾಗದ ಸಂದಿಯಲ್ಲಿ ಮಾತ್ರ ತುಕ್ಕು ಉಳಿದು ಬರಬರುತ್ತ ಕಂದಾಗುತ್ತದೆ. ಅದರ ಮೇಲೆ ಧೂಳು. ಕೀಲಿನ ಹತ್ತಿರ ಎಣ್ಣೆ ಇರುವುದರಿಂದ ಅಲ್ಲಿ ಕೂತ ಧೂಳು ಒಣಗುವುದಿಲ್ಲ, ಸದಾ ಹಸಿಯಾದಂತೆ ಕಪ್ಪಗೆ ಕಾಣುತ್ತದೆ. ಎರೆಮಣ್ಣಿನಲ್ಲಿ ಓಡಿದ ಪಟ್ಟಾ ಒಣಗಿದ ಮೇಲೆ ಬೂದಿಯ ಬಣ್ಣಕ್ಕೆ ಬರುತ್ತದೆ. ಮುರುಮಿನಲ್ಲಿ, ಅಂದರೆ ಕೆಂಪು ಗರಸುಮಣ್ಣಿನಲ್ಲಿ, ಓಡಿದ್ದು ಇಟ್ಟಿಗೆಪುಡಿಯ ಬಣ್ಣಕ್ಕೆ. ಮರಳುಗಾಡಿನಿಂದ ಬಂದದ್ದಕ್ಕೆ ತುಕ್ಕೇ ಇರುವುದಿಲ್ಲ. ಮರಳು ಎಲ್ಲವನ್ನೂ ತಿಕ್ಕಿ ತಿಕ್ಕಿ ಮಸುಕು ಬಿಳಿ ಮಾಡಿರುತ್ತದೆ.

"ಗಾಡಿ ಎಲ್ಲಿಂದ ಬಂತು ಅಂತ ಕಾಗದಾ ನೋಡತಿದ್ದಿಲ್ಲ ನಾವು," ಎನ್ನುತ್ತಿದ್ದರು. "ಕಾಲು ನೋಡಿ ಹೇಳತಿದ್ವಿ."

ಧೂಳು ಅಸಲಿಯೇ ಆಗಬೇಕೆಂದು ಹಟ. ಹಡಪಸರದ ನಮ್ಮ ಬಿಲ್ಡಿಂಗಿನ ಧೂಳು ನಡೆಯುವುದಿಲ್ಲ, ಅದು ಸಿಮೆಂಟು. ನನ್ನ ಮನೆಯವರು ಆಫೀಸಿನ ಕೆಲಸದ ಮೇಲೆ ಇಂದಾಪುರಕ್ಕೆ ಹೋದಾಗ ಕಬ್ಬಿನ ಹೊಲದ ಕರಿಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದರು. ಪ್ರತಿ ಗುರುವಾರ ಮಾವ ಬಸ್ಸು ಹತ್ತಿ ಸಾಸವಡಕ್ಕೆ, ತಮ್ಮ ಹಳೆಯ ಜೊತೆಗಾರರೊಬ್ಬರ ಮನೆಗೆ ಭಜನೆಗೆ ಹೋಗುವ ರೂಢಿ. ಅಲ್ಲಿಂದ ಕೆಂಪು ಮುರುಮು ಬಂತು. ಖಂಡೋಬಾನ ಗುಡಿಯಿರುವ ಜೇಜುರಿಯಿಂದಲೂ ಒಂದು ಪೊಟ್ಟಣ ಮಣ್ಣು ತಂದರು. ಬಿಚ್ಚಿದರೆ ಅದರ ತುಂಬ ಭಕ್ತರು ದೇವರಿಗೆ ತೂರುವ ಭಂಡಾರದ ಅರಿಶಿನ.

"ಇದನ್ನ ಹಚ್ಚಿದ್ರ ಟ್ಯಾಂಕ್ ಹೋಗಿ ಖಂಡೋಬಾನ ಕುದುರಿ ಆಗತದ," ಎಂದು ನಕ್ಕು, ಆ ಪೊಟ್ಟಣವನ್ನು ದೇವರ ಗೂಡಿನಲ್ಲಿ ಇಟ್ಟರು.

ಮಣ್ಣು ಸೋಸಲು ನನ್ನ ಹಳೆಯ ಚಹಾದ ಜರಡಿ ಕೊಟ್ಟವಳು ನಾನೇ. ಮೊದಲು ಕಪ್ಪು, ಅದು ಒಣಗಿದ ಮೇಲೆ ತುಕ್ಕಿನ ಕಂದು, ಅದರ ಮೇಲೆ ಟರ್ಪೆಂಟೈನಿನಲ್ಲಿ ಕಲಸಿದ ಧೂಳು, ಕಡೆಗೆ ಬೆರಳಿನ ತುದಿಯಿಂದ ಅಡ್ಡಪಟ್ಟಿಗಳನ್ನಷ್ಟೇ ಉಜ್ಜಿ ಹೊಳಪು ತರುವುದು. ಕೈ ನಡುಗುವುದರಿಂದ ದಿನಕ್ಕೆ ನಾಲ್ಕೈದು ಕೊಂಡಿ ಮಾತ್ರ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ನನಗೆ ದಾರಿಯೇ ಇಲ್ಲ.

ಖಂಡೇನವಮಿಯ ದಿನ ನಮ್ಮಲ್ಲಿ ಮನೆಯ ಹತಾರಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತೇವೆ. ಇಳಿಗೆಮಣೆ, ಕತ್ತರಿ, ಹೊಲಿಗೆ ಮಶೀನು, ಮನೆಯವರ ಸ್ಕೂಟರು, ಮಾವನವರ ನಟ್ಟು ಬಿಗಿಯುವ ಪಾನಾ, ಸುತ್ತಿಗೆ, ಇಕ್ಕಳ. ಮಾವ ತಮ್ಮ ಸಾಮಾನನ್ನು ಒಂದು ತಗಡಿನ ಟ್ರೇಯಲ್ಲಿ ಹಾಕಿ, ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಇಟ್ಟು, "ಟ್ರೇದಾಗಿಂದೆಲ್ಲಾ ತೊಳದ ಇಡವಾ, ನಾ ಹೂವು ತರತೀನಿ," ಎಂದು ಚೀಲ ಹಿಡಿದು ಹೊರಟರು. ಟ್ರೇಯ ಮೂಲೆಯಲ್ಲಿ, ಮಡಚಿದ ಪೇಪರಿನ ಮೇಲೆ, ಮುಗಿದ ಪಟ್ಟಾಗಳೆರಡೂ ಒಣಗಲು ಇದ್ದವು. ಹಿಂದಿನ ದಿನ ಅವರೇ ಇಟ್ಟು ಮರೆತಿದ್ದರು. ನಾನು ಒಲೆಯ ಮೇಲಿನ ಬೇಳೆಯ ಕಡೆ ಒಂದು ಕಿವಿ ಇಟ್ಟುಕೊಂಡು ಇಡೀ ಟ್ರೇಯನ್ನು ಸೋಪಿನ ನೀರಿನ ಬಕೆಟ್ಟಿಗೆ ಬಗ್ಗಿಸಿದೆ. ಕೈಗೆ ಬಂದದ್ದನ್ನು ಬ್ರಶ್ಶಿನಿಂದ ತಿಕ್ಕುತ್ತ ಹೋದೆ. ನೀರಿನ ಬಣ್ಣ ಬದಲಾಗಿ, ಟರ್ಪೆಂಟೈನಿನ ವಾಸನೆ ಬಂದಾಗಲೇ ಕೈಯಲ್ಲಿರುವುದು ಏನೆಂದು ನೋಡಿದ್ದು. ಧೂಳೆಲ್ಲ ಹೋಗಿತ್ತು. ಹೊಸದಾಗಿ ಹಚ್ಚಿದ ಕಂದು ಅಲ್ಲಲ್ಲಿ ಕಿತ್ತು ಹಾವಿನ ಪೊರೆಯ ಹಾಗೆ ತೇಲುತ್ತಿತ್ತು.

ಇಷ್ಟರವರೆಗೆ ಆದದ್ದು ಕೈತಪ್ಪು. ಇಲ್ಲಿಗೇ ನಿಲ್ಲಿಸಿ, ಅವರು ಬಂದ ಕೂಡಲೇ "ಮಾಮಾ, ಹಿಂಗಾತ್ರಿ" ಎಂದಿದ್ದರೆ ಈ ಬರಹ ಇರುತ್ತಿರಲಿಲ್ಲ.

ಇಡೀ ಮನೆತನದಲ್ಲಿ ನನಗೊಂದು ಹೆಸರಿದೆ. ತೀರಿಹೋದ ಅತ್ತೆ ಬಂದವರ ಮುಂದೆಲ್ಲ, "ನಮ್ಮ ಸೊಸಿ ಕೈಯಾಗ ಇವತ್ತಿನ ತನಕಾ ಒಂದ ಕಪ್ಪು ಒಡದಿಲ್ಲ ನೋಡ್ರಿ," ಎನ್ನುತ್ತಿದ್ದರು. ಈ ಹೆಸರನ್ನು ನಾನು ಮೈಮೇಲಿನ ಬಂಗಾರದ ಹಾಗೆ ಕಾಪಾಡಿಕೊಂಡು ಬಂದವಳು. ಮಾವ ಬೈಯುವವರಲ್ಲ. ಬೈಗುಳಕ್ಕೆ ಹೆದರಲಿಲ್ಲ ನಾನು. ಆ ಹೆಸರು ಹೋಗುತ್ತದಲ್ಲ ಎಂದು ಹೆದರಿದೆ.

ಅರ್ಧ ಬಣ್ಣ ಅರ್ಧ ಬಿಳಿ ಇದ್ದರೆ ತೊಳೆದದ್ದು ಎಂದು ಯಾರಿಗೂ ಗೊತ್ತಾಗುತ್ತದೆ. ಪೂರ್ತಿ ಬಿಳಿ ಇದ್ದರೆ? ಅಡುಗೆಮನೆಗೆ ಹೋಗಿ ಹುಣಸೆಹಣ್ಣು, ಉಪ್ಪು ತಂದೆ. ದೀಪದ ಕಂಬ ತಿಕ್ಕುವ ಜಾಲರಿ ತಂದೆ. ಕೊಂಡಿ ಕೊಂಡಿಯಾಗಿ ತಿಕ್ಕಿದೆ. ಎಳೆಯ ಮಗುವಿನ ಹಲ್ಲಿನ ಹಾಗೆ ಬೆಳ್ಳಗಾದವು. ಬಟ್ಟೆಯಿಂದ ಒರೆಸಿ, ಟ್ಯಾಂಕಿನ ಪೆಟ್ಟಿಗೆಯೊಳಗೆ, ಅವು ಮೊದಲು ಇದ್ದ ಖಾನೆಯಲ್ಲೇ ಇಟ್ಟೆ. ಮಾವ ಚೆಂಡುಹೂವು ತಂದಾಗ ನಾನು ಬೇಳೆಗೆ ಒಗ್ಗರಣೆ ಕೊಡುತ್ತಿದ್ದೆ. ಹತಾರಗಳಿಗೆ ವಿಭೂತಿ, ಕುಂಕುಮ ಹಚ್ಚಿ ಪೂಜೆ ಮಾಡಿದೆವು. ಮರುದಿನ ದಸರೆ. ಅವರ ಕೈಗೆ ಬನ್ನಿ ಕೊಟ್ಟು, "ಬಂಗಾರದ್ಹಾಂಗ ಇರೋಣ್ರಿ," ಎಂದು ಕಾಲು ಮುಟ್ಟಿದೆ. ಅವರು ತಲೆಯ ಮೇಲೆ ಕೈ ಇಟ್ಟರು. ಆಗಲೂ ಬಾಯಿ ಬಿಡಲಿಲ್ಲ.

ದಸರೆಯ ಮಾರನೆಯ ದಿನ ಅವರು ಪೆಟ್ಟಿಗೆ ಹಿಡಿದು ಅಡುಗೆಮನೆಗೆ ಬಂದರು. ಮುಖ ಎಂದಿನಂತಿರಲಿಲ್ಲ.

"ಯವ್ವಾ, ಪಟ್ಟಾಕ್ಕ ಬಣ್ಣಾ ಹಚ್ಚಿ ಮುಗಿಸಿದ್ನೆಲ್ಲಾ ನಾ?"

ಹಿಟ್ಟು ನಾದುತ್ತಿದ್ದೆ. ತಲೆ ಎತ್ತಲಿಲ್ಲ. "ಹಚ್ಚಬೇಕು ಅಂತಿದ್ರಿ," ಎಂದೆ.

"ಹಚ್ಚಬೇಕು ಅಂತಿದ್ನೋ, ಹಚ್ಚಿದ್ನೋ?"

"ಹಚ್ಚಬೇಕು ಅಂತ ಅಂತಿದ್ರಿ, ಮಾಮಾ. ನಾ ಕೇಳೀನಲ್ಲಾ."

ಅವರು ಪಟ್ಟಾವನ್ನು ಬೆಳಕಿಗೆ ಹಿಡಿದರು. ತಿರುಗಿಸಿ ತಿರುಗಿಸಿ ನೋಡಿದರು. ಮೂಗಿನ ಹತ್ತಿರ ತಂದರು. ನನ್ನ ಕಡೆ ಒಂದು ಸಲ ನೋಡಿದರು. ಆಮೇಲೆ, "ಹೌದೇನೋ," ಎಂದು ಹೋಗಿಬಿಟ್ಟರು.

ಅವರ ಅಣ್ಣನಿಗೆ ಕಡೆಯ ವರ್ಷಗಳಲ್ಲಿ ಮರೆವು ಹಿಡಿದಿತ್ತು. ಕಟ್ಟಿಕೊಂಡ ಹೆಂಡತಿಯನ್ನೇ "ಯಾರಬೇ ನೀ?" ಎಂದು ಕೇಳುತ್ತಿದ್ದರು. ಮಾವ ಆಗ ತಿಂಗಳಾನುಗಟ್ಟಲೆ ಧಾರವಾಡಕ್ಕೆ ಓಡಾಡಿ ಅದನ್ನೆಲ್ಲ ಕಣ್ಣಾರೆ ಕಂಡವರು. ಸಾವಿಗೆ ಹೆದರದ ಮನುಷ್ಯ, ಅದೊಂದಕ್ಕೆ ಹೆದರುತ್ತಿದ್ದರು. ಇದೂ ನನಗೆ ಗೊತ್ತಿತ್ತು.

ಆ ಸಂಜೆಯಿಂದ ಅವರು ಚೀಟಿಯಲ್ಲಿ ಬರೆಯತೊಡಗಿದರು. ಗುಳಿಗೆ ತಗೊಂಡೆ. ಸ್ನಾನ ಆತು. ಗ್ಯಾಸ್ ಬಂದ್ ಮಾಡಿದೆ. ಗುರುವಾರ ಬಂತು, ಸಾಸವಡಕ್ಕೆ ಹೋಗಲಿಲ್ಲ. "ಎಲ್ಲಿ ಇಳೀಬೇಕು ಅನ್ನೂದ ಮರತ್ರ ಏನ ಮಾಡ್ಲಿ?" ಎಂದರು. ಮನೆಯ ಕೀಲಿಕೈಯನ್ನು ಮಗನ ಕೈಗೆ ಕೊಟ್ಟು, "ಇದು ನನ್ನ ಕಡೆ ಬ್ಯಾಡಪಾ," ಎಂದರು. ಊಟದ ಮುಂದೆ ಕೂತು, "ನಂದು ಊಟಾ ಆಗಿಲ್ಲ ಹೌದಿಲ್ಲೋ?" ಎಂದು ನನ್ನ ಮುಖ ನೋಡುತ್ತಿದ್ದರು. ನಾನು ಹೌದೆಂದರೆ ಹೌದು, ಇಲ್ಲವೆಂದರೆ ಇಲ್ಲ. ನನ್ನ ಮಾತೇ ಅವರಿಗೆ ಗೋಡೆಯ ಗಡಿಯಾರವಾಗಿತ್ತು. ನಾನು ಬಿಸಿ ರೊಟ್ಟಿ ಹಾಕುತ್ತಿದ್ದೆ, ತುಪ್ಪ ಹೆಚ್ಚು ಬಡಿಸುತ್ತಿದ್ದೆ, ಮಜ್ಜಿಗೆಗೆ ಶುಂಠಿ ಜಜ್ಜಿ ಹಾಕುತ್ತಿದ್ದೆ. ಹೇಳಬೇಕಾದ ಒಂದು ಮಾತನ್ನು ಬಿಟ್ಟು ಎಲ್ಲವನ್ನೂ ಕೊಟ್ಟೆ. ನಾಳೆ ಹೇಳಿದರಾಯಿತು ಎನ್ನುತ್ತ ದಿನ ದೂಡಿದೆ. ದಿನ ಕಳೆದಂತೆ ಹೇಳಬೇಕಾದ ತಪ್ಪು ದೊಡ್ಡದಾಗುತ್ತಿತ್ತು. ಮೊದಲು ಬರೀ ಬಣ್ಣ ಕೆಡಿಸಿದ್ದು, ಆಮೇಲೆ ಸುಳ್ಳು, ಆಮೇಲೆ ಅವರು ಕುಗ್ಗುವುದನ್ನು ನೋಡುತ್ತ ಕೂತದ್ದು.

ಮನೆಯವರೇ ಡಾಕ್ಟರ ಅಪಾಯಿಂಟ್‌ಮೆಂಟ್ ತಗೊಂಡರು. "ನನಗ ರಜಾ ಸಿಗೂದಿಲ್ಲ, ನೀ ಕರಕೊಂಡು ಹೋಗು," ಎಂದರು.

ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮಾವನಿಗೆ ಗಡಿಯಾರದ ಚಿತ್ರ ಬರೆಸಿದರು. ಮೂರು ಶಬ್ದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ನೂರರಿಂದ ಏಳೇಳು ಕಳೆಯಲು ಹೇಳಿದರು. ಮಾವ ಎಲ್ಲವನ್ನೂ ಸರಿಯಾಗಿ ಮಾಡಿದರು, ಆದರೆ ಪ್ರತಿ ಸಲವೂ ಉತ್ತರ ಕೊಟ್ಟು ನನ್ನ ಕಡೆ ನೋಡುತ್ತಿದ್ದರು.

"ಆಜೋಬಾ, ಕಾಯ್ ವಿಸರಲಾತ್?" ಎಂದು ಡಾಕ್ಟರು ಕೇಳಿದರು. ಏನು ಮರೆತಿರಿ, ಅಜ್ಜ?

ಮಾವ ತಮ್ಮ ವರ್ಕ್‌ಶಾಪಿನ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಮರೆತದ್ದಲ್ಲ ನನ್ನ ತೊಂದರೆ, ಎಂದರು. ಬಣ್ಣ ಹಚ್ಚಿದ್ದು ನನಗೆ ನೆನಪಿದೆ. ಕಂದು ಒಣಗಲೆಂದು ಎರಡು ದಿನ ಕಾದದ್ದು, ಎಡಗಡೆಯ ಪಟ್ಟಾದ ಒಂದು ಕೊಂಡಿಯ ಮೇಲೆ ಧೂಳು ಜಾಸ್ತಿ ಬಿದ್ದು ಉಗುರಿನಿಂದ ಕೆರೆದದ್ದು, ಎಲ್ಲಾ ನೆನಪಿದೆ. ಆದರೆ ಪಟ್ಟಾ ನೋಡಿದರೆ ಬಣ್ಣ ಹಚ್ಚೇ ಇಲ್ಲ. ಆಗದೇ ಇದ್ದದ್ದು ನೆನಪಿಗೆ ಬಂದರೆ ಅದಕ್ಕೆ ಏನು ರೋಗ ಅನ್ನುತ್ತೀರಿ, ಡಾಕ್ಟರ್? ನನ್ನ ಅಣ್ಣನಿಗೂ ಹಿಂಗೇ ಶುರುವಾಗಿತ್ತು.

ಡಾಕ್ಟರು ಬರೆದುಕೊಳ್ಳಲು ಪೆನ್ನು ಎತ್ತಿದರು. ಅವರು ಕಾಗದದ ಮೇಲೆ ಏನು ಬರೆಯುತ್ತಾರೋ ಅದು ಮಾವನ ಹಣೆಬರಹವಾಗುತ್ತದೆ ಎಂದು ನನಗೆ ಅನ್ನಿಸಿತು.

"ಮೀ ಧುತಲಂ," ಎಂದೆ. ನಾನು ತೊಳೆದೆ.

ಕನ್ನಡದಲ್ಲಿ ಬರಲಿಲ್ಲ ಬಾಯಿಗೆ. ಕಾಯಿಪಲ್ಯದವನ ಜೊತೆ, ಸೊಸೈಟಿಯ ಮೀಟಿಂಗಿನಲ್ಲಿ ಆಡುವ ಭಾಷೆಯಲ್ಲಿ ಹೇಳಿದೆ. ಡಾಕ್ಟರನ್ನು ನೋಡುತ್ತಲೇ ಪೂರ್ತಿ ಹೇಳಿ ಮುಗಿಸಿದೆ, ಬಕೆಟ್ಟಿನ ನೀರಿನಿಂದ ಹಿಡಿದು ಹುಣಸೆಹಣ್ಣಿನವರೆಗೆ. ಪಕ್ಕದ ಕುರ್ಚಿಯ ಕಡೆ ತಿರುಗಲಿಲ್ಲ.

ಡಾಕ್ಟರು ಪೆನ್ನು ಕೆಳಗಿಟ್ಟರು. ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬಹುದು. ಮೆತ್ತಗಿನ ದನಿಯಲ್ಲೇ ಹೇಳಿದಳು: ಇದನ್ನು ನನಗೆ ಯಾಕೆ ಹೇಳುತ್ತೀರಿ? ಅವರಿಗೆ ಹೇಳಿ, ನಿಮ್ಮ ಭಾಷೆಯಲ್ಲಿ.

ತಿರುಗಿದೆ. ಮಾವ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೇರ ಕೂತಿದ್ದರು.

"ನೀವು ಹಚ್ಚಿದ್ರಿ, ಮಾಮಾ. ಎಲ್ಲಾ ಹಚ್ಚಿದ್ರಿ. ನಾನ ತೊಳದೀನಿ. ನಾನ ಸುಳ್ಳ ಹೇಳೀನಿ."

ಅವರು ತಲೆ ಆಡಿಸಿದರು. ಎದ್ದು, ಡಾಕ್ಟರಿಗೆ ಕೈಮುಗಿದು, ಚಪ್ಪಲಿ ಹುಡುಕಿ ಹಾಕಿಕೊಂಡರು.

ರಿಕ್ಷಾ ಹತ್ತಿದೆವು. ಸಿಗ್ನಲ್ಲಿನಲ್ಲಿ ನಿಂತಾಗ ಹೊರಗೆ ನೋಡುತ್ತಲೇ ಕೇಳಿದರು:

"ಯಾತರಲೆ ತಿಕ್ಕಿದಿ?"

"ಹುಣಸಿಹಣ್ಣು, ಉಪ್ಪು. ಜಾಲರಿಲೆ."

"ಅವತ್ತ ನನಗ ವಾಸನಿ ಬಂದಿತ್ತು," ಎಂದರು. "ಕೊಂಡಿ ಮ್ಯಾಲ ಜಾಲರಿ ಗೀರು ಕಂಡಿದ್ವು. ಹೊಸಾ ಲೋಹಕ್ಕ ಗೀರು ಇರೂದಿಲ್ಲ. ಮೂವತ್ತೆಂಟ ವರ್ಷ ನೋಡೀನಿ ನಾ, ಸವದದ್ದು ಯಾವದು, ಬೇಕಂತ ತಿಕ್ಕಿದ್ದು ಯಾವದು ಅಂತ ತಿಳೀದೇನು?"

"ಮತ್ತ ಯಾಕ ಕೇಳಲಿಲ್ರಿ?"

"ಕೇಳಿದ್ನೆಲ್ಲವಾ. ನೀ ಇಲ್ಲಾ ಅಂದಿ." ರಿಕ್ಷಾ ಹೊರಟಿತು. ಸದ್ದಿನ ನಡುವೆ ಅವರು ನನ್ನ ಕಡೆ ಬಾಗಿ ಹೇಳಿದರು: "ನನ್ನ ಕಣ್ಣು ಒಂದು ಹೇಳತಿತ್ತು, ನೀ ಒಂದು ಹೇಳತಿದ್ದಿ. ನೀ ಸುಳ್ಳು ಹೇಳಾಕಿ ಅಲ್ಲ. ಹಂಗಾರ ಕಣ್ಣ ಹೋಗಿರಬೇಕು, ತಲೀನ ಹೋಗಿರಬೇಕು ಅಂದಕೊಂಡೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನನಗೆ ಕೊಟ್ಟಿದ್ದ ನಂಬಿಕೆ ಎಷ್ಟಿತ್ತು ಎಂಬುದನ್ನಷ್ಟೇ ಹೇಳಿದರು. ಅದು ಈಗಲೂ ಅಷ್ಟೇ ಇದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮನೆಗೆ ಬಂದು ಮನೆಯವರಿಗೆ ಫೋನು ಮಾಡಿ ಹೇಳಿದೆ. ಅವರು ನಕ್ಕುಬಿಟ್ಟರು. "ಇಷ್ಟಽ? ಅಪ್ಪನ ತಲಿ ಛಲೋ ಅದ ಅಂತಾತಲ್ಲ, ಬಿಡು!" ಎಂದರು. ಆ ನಗುವಿನಲ್ಲಿ ನನ್ನನ್ನೂ ಸೇರಿಸಿಕೊಳ್ಳಲು ನೋಡಿದರು. ನಾನು ಫೋನು ಇಟ್ಟೆ.

ಬರುವಾಗ ಇಸಿದುಕೊಂಡು ಬಂದ ಗಿರಣಿಯ ಹಿಟ್ಟು ಇನ್ನೂ ಬಿಸಿ ಇತ್ತು. ನಾಲ್ಕು ರೊಟ್ಟಿ ಬಡಿದೆ. ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಒಂದು ಸೀಳು ಉಳ್ಳಾಗಡ್ಡಿ. ಮಾವ ಎರಡು ರೊಟ್ಟಿ ಉಂಡರು. ತುಪ್ಪ ಹಾಕಲು ಹೋದರೆ ಅಂಗೈ ಅಡ್ಡ ಹಿಡಿದರು. ಊಟ ಆಗಿದೆಯೋ ಇಲ್ಲವೋ ಎಂದು ಇವತ್ತು ಕೇಳಲಿಲ್ಲ. ಎದ್ದು ತಮ್ಮ ತಟ್ಟೆಯನ್ನು ತಾವೇ ಸಿಂಕಿಗೆ ಒಯ್ದು ತೊಳೆದರು. ನಾನು ಈ ಮನೆಗೆ ಬಂದ ಮೇಲೆ ಅವರು ತಟ್ಟೆ ತೊಳೆದದ್ದು ಇದೇ ಮೊದಲು. "ನಾ ತೊಳೀತೀನ್ರಿ ಮಾಮಾ," ಎಂದೆ. "ಇರಲಿ," ಎಂದರು. ಅದು ಸಿಟ್ಟೋ, ತಮ್ಮ ಕೈಯ ಮೇಲೆ ತಮಗೆ ನಂಬಿಕೆ ತಿರುಗಿ ಬಂದದ್ದೋ, ನನಗೆ ತಿಳಿಯಲಿಲ್ಲ. ಎರಡೂ ಇರಬಹುದು.

ನನಗೆ ಉಳಿದದ್ದು ಎರಡು ರೊಟ್ಟಿ. ಒಂದನ್ನು ಮೊಸರಿನಲ್ಲಿ ಕಲಸಿ ತಿಂದೆ. ಮಧ್ಯಾಹ್ನ ಎರಡರ ಹೊತ್ತು; ಕೆಳಗಿನ ಅಂಗಡಿಗಳು ಬಾಗಿಲು ಹಾಕಿ ಬಿಲ್ಡಿಂಗೆಲ್ಲ ಸದ್ದಡಗಿತ್ತು. ಮಾವ ಗ್ಯಾಲರಿಯ ಕುರ್ಚಿಯಲ್ಲಿ ಕಣ್ಣು ತೆರೆದುಕೊಂಡೇ ಕೂತಿದ್ದರು. ಅವರು ಮಲಗಿದ ಮೇಲೆ ಮಲಗಿದರಾಯಿತು ಎಂದುಕೊಂಡು ನಾನು ಅಡುಗೆಮನೆಯ ನೆಲದ ಮೇಲೆ ಬೆನ್ನು ಚಾಚಿದೆ. ನಾಚಿಕೆಗೇಡು, ಮೊದಲು ನಿದ್ದೆ ಹೋದವಳು ನಾನೇ.